ದೋಣಿಯ ಹಿಂದಿನ ಸೀಟು

ನವೆಂಬರ್ 3, 2024, ಭಾನುವಾರ

ನಮ್ಮ ಬಟ್ಟೆ ಅಂಗಡಿಗೆ ಬಂದ ಈ ವರ್ಷದ ಡೈರಿಗಳಲ್ಲಿ ಒಂದು ಖಾಲಿ ಬಿದ್ದಿತ್ತು, ಎತ್ತಿಕೊಂಡೆ. ಇಷ್ಟು ದಿನ ಬರೆಯುವಂಥದ್ದು ಏನೂ ಆಗಿರಲಿಲ್ಲ. ಈಗ ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ. ಬೀಗ ಹಾಕಿಡುವ ಕಾರಣವಿಲ್ಲ. ತಡವಳದ ಕನ್ನಡ ಶಾಲೆಯಲ್ಲಿ ಕಲಿತವಳು ಈ ಮನೆಯಲ್ಲಿ ನಾನೊಬ್ಬಳೇ. ಈ ಗಡಿಯ ಊರಿನಲ್ಲಿ ಗಂಡ, ಮಗ ಮಾತಾಡುವುದು ಕನ್ನಡ, ಓದುವುದು ಮರಾಠಿ. ಅತ್ತೆಗೆ ಓದಲೇ ಬರುವುದಿಲ್ಲ.

ಆದದ್ದು ಇಷ್ಟು. ದಸರೆಯ ಮರುದಿನ ಅಂಗಡಿಯಲ್ಲಿ ಗಿರಾಕಿಗೆ ಚಾದರ ಬಿಚ್ಚಿ ತೋರಿಸುತ್ತಿದ್ದ ಹಾಗೆಯೇ ಇವರ ಎಡಗೈ ಜೋತುಬಿತ್ತು, ಬಾಯಿ ಒಂದು ಕಡೆ ವಾಲಿತು. ಮಗ ಪ್ರಸಾದ ಕೂಡಲೇ ಆಸ್ಪತ್ರೆಗೆ ಒಯ್ದದ್ದರಿಂದ ಜೀವ ಉಳಿಯಿತು. ಬಾಯಿ ನೆಟ್ಟಗಾಯಿತು, ಕಾಲೂ ಸರಿಹೋಯಿತು. ಎಡಗೈ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ, ನಡುಗುತ್ತದೆ. ಹಿಚುಕಲು ಡಾಕ್ಟರು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. "ನಾ ಏನ್ ಸಣ್ಣ ಕೂಸೇನ?" ಎಂದು ಇವರು ಅದನ್ನು ಕಿಟಕಿಯಿಂದ ಆಚೆ ಎಸೆದರು. ಈಗ ಅದು ಪಕ್ಕದ ಮನೆ ಸುಗಲಾಬಾಯಿಯ ನಾಯಿಯ ಬಾಯಲ್ಲಿದೆ.

ಅಂಗಡಿ ಈಗ ಪ್ರಸಾದನ ಕೈಯಲ್ಲಿ. ಇವರು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ನಾನು ಮಾತಾಡಿಸಿದರೆ ಹೂಂ, ಹೂಂ. ಬೆಳಿಗ್ಗೆ ಊಟಕ್ಕೆ ಕರೆದರೆ ಒಲ್ಲೆ ಎನ್ನುತ್ತಾರೆ. ನನ್ನ ಜೋಳದ ಭಾಕ್ರಿ ಇಷ್ಟು ವರ್ಷ ರುಚಿಯಾಗಿತ್ತು, ಈಗ ಇಲ್ಲವೇ? ಈ ಮನುಷ್ಯ ನೀನು ಉಂಡೆಯಾ ಎಂದು ನನ್ನನ್ನು ಒಮ್ಮೆ ಕೇಳಿದ್ದು ನೆನಪಿಲ್ಲ. ಹೋಗಲಿ. ಪಾತ್ರೆ ಬಿದ್ದಿವೆ. ನನ್ನ ಸಿಂಕಿನಲ್ಲಿ ಎಂಜಲು ಪಾತ್ರೆ ಉಳಿದ ದಿನವಿಲ್ಲ.

ನವೆಂಬರ್ 7, ಗುರುವಾರ

ದೇವರ ಮನೆಯ ಬಾಗಿಲು ಹಾಕಿಕೊಳ್ಳುವುದು ಇವರ ಹೊಸ ಚಾಳಿ. ಇವತ್ತು ಹೂ ಮರೆತು ಒಳಗೆ ಹೋಗಿದ್ದರು. ಕೊಡೋಣವೆಂದು ಬಾಗಿಲು ತಳ್ಳಿದೆ. ಮಣೆಯ ಮೇಲೆ ಕೂತಿದ್ದಾರೆ. ಕೊರಳಿನ ಬೆಳ್ಳಿ ಕರಡಿಗೆ ಮುಚ್ಚಿಯೇ ಇದೆ, ಲಿಂಗವನ್ನು ಹೊರಗೆ ತೆಗೆದೇ ಇಲ್ಲ. ಎಡ ಅಂಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ಬಾಗಲಾ ಮುಚ್ಚು," ಎಂದರು. ಮುಚ್ಚಿ ನಾನು ಒಳಗೇ ನಿಂತೆ.

"ದವಾಖಾನಿಯಿಂದ ಬಂದ ದಿನಾ ತೆಗದಿದ್ದೆ. ಅಂಗೈಯಾಗ ನಿಂದ್ರಲಿಲ್ಲ. ಉಳ್ಳಿ ನೆಲದ ಫರ್ಸಿ ಮ್ಯಾಲ ಬಿತ್ತು."

ಕೈಯ ಹೂವನ್ನು ಕೆಳಗಿಟ್ಟೆ. ಎಡ ಅಂಗೈಯಲ್ಲಿ ಲಿಂಗ ಇಟ್ಟು, ಬಲಗೈಯಿಂದ ವಿಭೂತಿ, ಪತ್ರಿ ಏರಿಸಿದ ಮೇಲೆಯೇ ನಮ್ಮಲ್ಲಿ ಬಾಯಿಗೆ ಅನ್ನ. ನಾನೂ ದಿನಾ ಮಾಡುತ್ತೇನೆ. ಆದರೆ ಇವರದು ನನ್ನ ಹಾಗೆ ಒಲೆಯ ಮೇಲೆ ಹಾಲಿಟ್ಟು ಮಾಡುವ ಪೂಜೆಯಲ್ಲ. ಮಗಳ ಮದುವೆಯ ಗದ್ದಲದಲ್ಲೂ ಅವಸರ ಮಾಡಿದವರಲ್ಲ. ಲಿಂಗ ಬಿದ್ದ ದಿನದಿಂದ ಪೂಜೆಯಿಲ್ಲ, ಪೂಜೆಯಿಲ್ಲವೆಂದು ಊಟವಿಲ್ಲ. ಮಧ್ಯಾಹ್ನ ಗುಳಿಗೆ ನುಂಗುವುದಕ್ಕೆಂದು ಅರ್ಧ ಭಾಕ್ರಿ, ಅಷ್ಟೇ. ನಾನು ಹುಚ್ಚಿ, ಭಾಕ್ರಿಯ ರುಚಿ ಹುಡುಕುತ್ತ ಕೂತಿದ್ದೆ.

"ನಾ ಕೆಳಗ ಕೈ ಹಿಡೀತೀನ್ರಿ. ನೀವ್ ಪೂಜಿ ಮಾಡ್ರಿ," ಎಂದೆ.

"ಬ್ಯಾಡ. ನನ್ನ ಅಂಗೈಯಾಗ ನಿಂತ್ರ ಪೂಜಿ, ಇಲ್ಲಂದ್ರ ಇಲ್ಲ. ಅವ್ವನ ಮುಂದ ಹೇಳಬ್ಯಾಡ."

ಆ ಹಟಕ್ಕೆ ಸಿಟ್ಟು ಬಂತು, ಅವರನ್ನು ನೋಡಿ ಅಳುವೂ ಬಂತು. ಹೊರಗೆ ಬಂದು ಈರುಳ್ಳಿ ಹೆಚ್ಚಿದೆ. ಈರುಳ್ಳಿ ಹೆಚ್ಚಿದರೆ ಯಾರೂ ಏನೂ ಕೇಳುವುದಿಲ್ಲ.

ನವೆಂಬರ್ 10, ಭಾನುವಾರ

ಈ ಮನೆಯಲ್ಲಿ ತಲೆ ನೆಟ್ಟಗಿರುವವರು ಯಾರು? ಪ್ರಸಾದ ತನ್ನ ಗೆಳೆಯರ ಜೊತೆ ಸೇರಿ ಒಂದು ಕಯಾಕ್ ತಂದಿದ್ದಾನಂತೆ. ಗಾಳಿ ತುಂಬುವ ಕಿತ್ತಳೆ ಬಣ್ಣದ ದೋಣಿ, ಮುಂದೊಬ್ಬರು ಹಿಂದೊಬ್ಬರು ಕೂರುವಂಥದ್ದು. ಚಪಳಗಾಂವದ ನಮ್ಮ ಹೊಲದ ಅಂಚಿಗೆ, ಇಲ್ಲಿಯವರು ಧರಣ ಎನ್ನುವ ಕುರನೂರ ಅಣೆಕಟ್ಟಿನ ಹಿನ್ನೀರು ಬರುತ್ತದೆ. ಈ ಸಲ ಮಳೆ ಚೆನ್ನಾಗಿ ಆಗಿ ನೀರು ಬದುವಿನವರೆಗೆ ನಿಂತಿದೆ. ಭಾನುವಾರ ಅಲ್ಲಿ ಹುಟ್ಟು ಹಾಕುವುದು ಈ ಹುಡುಗರ ಮೋಜು. ಮೋಜು ಮಾಡಲಿ. ಆದರೆ ಅಪ್ಪನನ್ನೂ ಕರೆದೊಯ್ಯುತ್ತಾನಂತೆ!

"ಅವ್ವಾ, ಹುಟ್ಟು ಹಾಕಿದ್ರ ಎರಡೂ ಕೈಗಿ ವ್ಯಾಯಾಮ ಆಗ್ತದ. ಫಿಜಿಯೋದವ್ರಿಗಿ ಕೇಳೀನಿ. ನೀರ ಒಟ್ಟ ಅಲಗಾಡಂಗಿಲ್ಲ. ಕಾಹೀ ಹೋತ ನಾಹೀ."

"ಏನೂ ಆಗಂಗಿಲ್ಲ ಅಂತ ನೀರಿಗಿ ಕೇಳೀಯೇನು?"

ಇವರು ಬೇಡ ಎನ್ನುತ್ತಾರೆಂದು ಕಾಯ್ದೆ. ಎನ್ನಲಿಲ್ಲ. ಗೋಡೆಗೆ ಮುಖ ಮಾಡಿದ್ದವರು ಹೊರಳಿ, "ಬರೂ ಐತವಾರ?" ಎಂದರು.

ನವೆಂಬರ್ 17, ಭಾನುವಾರ

ಹೋದೆವು. ನಾನು ಹೋದದ್ದು ಕಾಯಲಿಕ್ಕೆ. ಒಣ ಬೇಸಾಯದ ತಡವಳದಲ್ಲಿ ಹುಟ್ಟಿದವಳಿಗೆ ಕೊಡದಲ್ಲಿರುವಷ್ಟು ನೀರು ಸಾಕು.

ಅಪ್ಪ ಮುಂದೆ, ಮಗ ಹಿಂದೆ. ಎರಡೂ ತುದಿಗೆ ಹಲಗೆ ಇರುವ ಹುಟ್ಟು. ಬಲಗೈ ಎಳೆಯುತ್ತಿತ್ತು, ಎಡಗೈ ಜಾರುತ್ತಿತ್ತು. ದೋಣಿ ಗಾಣದ ಎತ್ತಿನ ಹಾಗೆ ನಿಂತಲ್ಲೇ ಸುತ್ತಿತು. ನಾನು ದಂಡೆಯ ಮೇಲೆ ನಿಂತು ಪ್ರಸಾದನಿಗೆ ಒದರಿದೆ, ದೇವರಿಗೆ ಒದರಿದೆ, ಬಲೆ ಒಣಹಾಕುತ್ತಿದ್ದ ಭೀಮಶಾನಿಗೂ ಒದರಿದೆ. ಆತ ಧರಣದಲ್ಲಿ ಮೀನು ಹಿಡಿಯುವವನು. "ಅಕ್ಕಾರ, ಅಲ್ಲಿ ಮೊಣಕಾಲ ಮಟ ನೀರ ಅವರಿ," ಎಂದು ನಕ್ಕ.

ಆಗ ಇನ್ನೊಂದು ನಗುವೂ ಕೇಳಿಸಿತು. ಇವರದು. ದಸರೆಯ ನಂತರ ಮೊದಲ ಸಲ.

ನವೆಂಬರ್ 20, ಬುಧವಾರ

ಊಟವಿಲ್ಲ, ಮಾತಿಲ್ಲ. ಆ ನಗು ನೀರಿನಲ್ಲೇ ಉಳಿಯಿತೋ ಏನೋ.

ನವೆಂಬರ್ 24, ಭಾನುವಾರ

ಮದುವೆಯ ಸೀಸನ್ನು, ಪ್ರಸಾದನಿಗೆ ಅಂಗಡಿ ಬಿಡಲಾಗಲಿಲ್ಲ. ಡ್ರೈವರ ನಮ್ಮನ್ನು ಹೊಲಕ್ಕೆ ಬಿಟ್ಟ, ಭೀಮಶಾ ದೋಣಿಗೆ ಗಾಳಿ ತುಂಬಿದ. ಹಿಂದಿನ ಸೀಟು ಖಾಲಿ. ಇವರು ದೋಣಿಯ ಹತ್ತಿರ ನಿಂತೇ ಇದ್ದರು. ಬಾ ಎನ್ನಲಿಲ್ಲ. ಬಾ ಎಂದಿದ್ದರೆ ಒಲ್ಲೆ ಎನ್ನಬಹುದಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹತ್ತಿದ್ದು ಅವರಿಗಾಗಿ. ಮಗಳು ಶುಭಾಂಗಿ ಬಿಟ್ಟುಹೋದ ಪಂಜಾಬಿ ಡ್ರೆಸ್ಸನ್ನು ಸೀರೆಯ ಒಳಗೆ ಹಾಕಿಕೊಂಡೇ ಹೋಗಿದ್ದೆ, ಅದು ಚಳಿಗೆ. ಮೇಲೆ ಆ ಲೈಫ್ ಜಾಕೀಟು, ಗೊಬ್ಬರದ ಚೀಲ ತೊಟ್ಟ ಹಾಗೆ. ಕಣ್ಣು ಮುಚ್ಚಿ ಕೂತೆ.

"ಅಕ್ಕಾರ, ಕಣ್ಣ ತೆರೀರಿ, ದೋಣಿ ನಡಸವ್ರು ನೀವಾ," ಎಂದ ಭೀಮಶಾ.

ಹಿಂದೆ ಕೂತವರೇ ದಿಕ್ಕು ಹಿಡಿಯಬೇಕಂತೆ. ಇಷ್ಟು ವರ್ಷದ ಸಂಸಾರದಲ್ಲಿ ಯಾರೂ ಹೇಳಿರಲಿಲ್ಲ! ಮೊದಲು ಇಬ್ಬರ ಹುಟ್ಟು ಒಂದಕ್ಕೊಂದು ಬಡಿದವು. ಆಮೇಲೆ ಅವರ ಬೆನ್ನು ನೋಡಿಕೊಂಡು ಎಳೆಯುವುದು ಕಲಿತೆ. ಬೆನ್ನು ಎಡಕ್ಕೆ ಬಾಗಿದರೆ ನಾನೂ ಎಡಕ್ಕೆ. ಕೈ ಸೋತಾಗ ಅವರು ಹಿಂದೆ ತಿರುಗದೆ "ಹಿಡಿ" ಎನ್ನುತ್ತಿದ್ದರು. ಅವರು ನಿಲ್ಲಿಸುತ್ತಿದ್ದರು, ನಾನು ಮುಂದುವರಿಸುತ್ತಿದ್ದೆ.

ತೋಳು ಬಿದ್ದುಹೋಗುತ್ತಿವೆ. ಇನ್ನೊಮ್ಮೆ ಹೋಗುವುದಿಲ್ಲ.

ಡಿಸೆಂಬರ್ 1, ಭಾನುವಾರ

ಹೋದೆವು. ಇವತ್ತಿನದು ಬರೆದರೆ ನನಗೇ ನಗು ಬರುತ್ತದೆ.

ಭೀಮಶಾ ಗಾಳದ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದ. ಇವರು ನೋಡುತ್ತಲೇ ಇದ್ದರು. "ಮೀನ ಜಗ್ಗಿದ್ದು ಬೆರಳಿಗಿ ಗೊತ್ತಾಗ್ತದೇನು?" ಎಂದು ಕೇಳಿದರು. ಆಸೆಯಾಗಿದೆ ಎಂದು ತಿಳಿಯಿತು. ಆದರೆ ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು, ಗಾಳ ಎಲ್ಲಿಂದ ಹಿಡಿಯುವುದು? "ಕೊಕ್ಕಿ ಬಿಚ್ಚಿ ಬರೇ ದಾರ ಕೊಡಪಾ," ಎಂದೆ. ಮೀನು ತಿಂದು ಹೋಗಲಿ, ನಾವೇನು ಅದನ್ನು ಮನೆಗೆ ಕರೆಯುವುದಿಲ್ಲವಲ್ಲ. ಭೀಮಶಾ ತನ್ನ ಹೆಂಡತಿ ಮುಕ್ತಾಬಾಯಿಯನ್ನು ಕೂಗಿ ಕರೆದು ಈ ಚೋದ್ಯ ತೋರಿಸಿದ.

ದಾರದ ತುದಿಗೆ ಭಾಕ್ರಿಯ ಮುದ್ದೆ ಕಟ್ಟಿದೆ, ರುಚಿಗೆ ನಮ್ಮ ಶೇಂಗಾ ಚಟ್ನಿ ಹಚ್ಚಿದೆ. ದೋಣಿಯಲ್ಲಿ ಕೂತು ಕಾಯ್ದದ್ದೇ ಬಂತು. ಮುಕ್ತಾಬಾಯಿ ದಂಡೆಯಿಂದ ಕೂಗಿದಳು, "ಅಕ್ಕಾರ, ಮೀನಿಗಿ ಅಷ್ಟ ಖಾರ ನಡ್ಯಂಗಿಲ್ಲರಿ!" ತೊಳೆದು, ಆಕೆ ಕೊಟ್ಟ, ಎಣ್ಣೆ ತೆಗೆದ ಶೇಂಗಾ ಹಿಂಡಿ ಕಲಸಿ ಕಟ್ಟಿದೆ. ದಾರವನ್ನು ಇವರು ಎಡಗೈಯ ಬೆರಳಿಗೆ ಸುತ್ತಿಕೊಂಡರು.

ಸ್ವಲ್ಪ ಹೊತ್ತಿಗೆ ಇವರ ಬೆನ್ನು ನೆಟ್ಟಗಾಯಿತು. "ಜಗ್ಗಾಕತ್ತದ," ಎಂದರು ಪಿಸುಮಾತಿನಲ್ಲಿ. ಬಗ್ಗಿ ನೋಡಿದೆ. ಆ ಬೆರಳುಗಳು ತಾವೇ ಮಡಚಿಕೊಂಡಿದ್ದವು. ಡಾಕ್ಟರ ಚೆಂಡಿಗೆ ಮಡಚದ ಬೆರಳು ಕಾಣದ ಮೀನಿಗೆ ಮಡಚಿದವು. ಮುದ್ದೆ ತಿಂದು ಮೀನು ಹೋಯಿತು. ಇನ್ನೊಂದು ಕಟ್ಟಿದೆ.

ಡಿಸೆಂಬರ್ 5, ಗುರುವಾರ

ಸುಗಲಾಬಾಯಿ ಗೋಡೆಯ ಮೇಲಿಂದ, "ಕಸ್ತೂರಬಾಯಿ, ನಿಮ್ಮವ್ರು ಮೀನ ಹಿಡ್ಯಾಕತ್ಯಾರಂತ, ಖರೇನ?" ಎಂದಳು. "ಖರೇ. ಊಟಕ್ಕ ಕರದು ಕಳಿಸ್ತೀವಿ," ಎಂದೆ. ಮುಖ ನೋಡಬೇಕಿತ್ತು.

ಇವರು ಇವತ್ತು ಎಡಗೈಯಲ್ಲಿ ನೀರಿನ ಲೋಟ ಹಿಡಿದರು. ಅರ್ಧ ಚೆಲ್ಲಿತು, ಅರ್ಧ ಕುಡಿದರು. ದೇವರ ಮನೆಯ ಬಾಗಿಲು ಮಾತ್ರ ಈಗಲೂ ಮುಚ್ಚುತ್ತದೆ. ಒಳಗೆ ಕರಡಿಗೆ ತೆರೆಯುವ ಸಪ್ಪಳ ಕೇಳಿತು, ಮತ್ತೆ ಮುಚ್ಚುವ ಸಪ್ಪಳ ಕೇಳಿತು. ಇವರಿಗೆ ಧೈರ್ಯ ಸಾಲುತ್ತಿಲ್ಲ.

ಡಿಸೆಂಬರ್ 8, ಭಾನುವಾರ

ಇವರಿಗೆ ನೆಗಡಿ, ಬರಲಿಲ್ಲ. ಹೊಲದಲ್ಲಿ ಕಡಲೆ ಹೇಗಿದೆ ನೋಡಬೇಕಿತ್ತು, ಅದಕ್ಕೆ ಪ್ರಸಾದನ ಜೊತೆ ನಾನೊಬ್ಬಳೇ ಹೋದೆ. ಹೋದ ಮೇಲೆ ದೋಣಿಯೂ ಬಹಳ ದಿನ ಸುಮ್ಮನಿದ್ದರೆ ಹಾಳಾಗುತ್ತದಂತೆ, ಒಂದು ಸುತ್ತು ಹಾಕಿದೆ. ಆಚೆ ದಂಡೆಯ ಜಾಲಿಗಿಡದವರೆಗೆ. ಬೆಳ್ಳಕ್ಕಿ ಹತ್ತಿರ ಹೋದರೂ ಹಾರಲಿಲ್ಲ. ಪ್ರಸಾದ ಮುಂದೆ ಕೂತು ಫೋನು ನೋಡುತ್ತಿದ್ದ. "ಅವ್ವಾ, ಸಾವಕಾಶ," ಎಂದ. ಇವನಿಗೆ ನೀರೆಂದರೆ ಹೆದರಿಕೆ ಇದೆಯೇನೋ.

ಕಡಲೆ ನೋಡುವುದು ಮರೆತೆ.

ಡಿಸೆಂಬರ್ 15, ಭಾನುವಾರ

ಆಗಬಾರದ್ದು ಆಯಿತು.

ಭೀಮಶಾನಿಗೆ ನಮ್ಮ ಮೇಲೆ ಕನಿಕರ. ಸಾವ್ಕಾರರು ವಾರವಾರ ಕೂತು ಬರಿಗೈಯಲ್ಲಿ ಹೋಗುತ್ತಾರೆಂದು, ನಮಗೆ ಹೇಳದೆ ದಾರದ ತುದಿಗೆ ಸಣ್ಣ ಕೊಕ್ಕೆ ಕಟ್ಟಿಬಿಟ್ಟಿದ್ದ. ನಾನು ಅದರ ಮೇಲೆಯೇ ಮುದ್ದೆ ಮೆತ್ತಿದ್ದೇನೆ, ನೋಡಲಿಲ್ಲ. ದಾರ ಜಗ್ಗಿತು, ಇವರು ಎಳೆದರು, ಅಂಗೈ ಉದ್ದದ ಬೆಳ್ಳನೆಯ ಮೀನು ಎಗರಿ ಬಂದು ದೋಣಿಯೊಳಗೆ ಬಿತ್ತು. ತುಟಿಯಲ್ಲಿ ರಕ್ತ. ನಾನು ಚೀರಿದೆ, ದೋಣಿ ಹೊಯ್ದಾಡಿತು.

ಇವರು ಚೀರಲಿಲ್ಲ. ಮೀನನ್ನು ಎಡಗೈಯಲ್ಲಿ ಹಿಡಿದರು. ಎಡಗೈಯಲ್ಲೇ! ಅದು ಒದ್ದಾಡಿತು, ಜಾರಿತು, ಆ ಬೆರಳು ಬಿಡಲಿಲ್ಲ. ಬಲಗೈಯಿಂದ ಮೆಲ್ಲಗೆ ಕೊಕ್ಕೆ ಬಿಡಿಸಿದರು. ಕೈಯನ್ನು ಮೀನಿನ ಸಮೇತ ನೀರಿನಲ್ಲಿ ಮುಳುಗಿಸಿ ಹಾಗೆಯೇ ಇಟ್ಟುಕೊಂಡರು. ಅದು ಬಾಲ ಅಲ್ಲಾಡಿಸಿದ ಮೇಲೆ ಅಂಗೈ ತೆರೆದರು. ಹೋಯಿತು.

"ಏ ನೋಡ್ರಿ, ಕೈ ಹಿಡೀತು!" ಎಂದು ನಾನು ಕೂಗಿದೆ.

ಇವರು ಅಂಗೈ ಮೂಸಿ ನೋಡಿಕೊಂಡರು. "ಯಾ ಕೈಯಾಗ ಏನ ಹಿಡದ್ನೆ," ಎಂದರು. ಮುಖ ಕಪ್ಪಿಟ್ಟಿತ್ತು.

ಆಗ ನನಗೂ ಹೊಳೆಯಿತು. ಲಿಂಗ ಕೂರುವ ಅಂಗೈ ಅದು.

ಡಿಸೆಂಬರ್ 18, ಬುಧವಾರ

ಕೈ ತೊಳೆದರು. ಮತ್ತೆ ತೊಳೆದರು. ದೇವರ ಮನೆಗೆ ಕಾಲಿಟ್ಟಿಲ್ಲ. ಮಧ್ಯಾಹ್ನದ ಅರ್ಧ ಭಾಕ್ರಿಯೂ ಈಗ ಕಾಲು ಭಾಕ್ರಿ. ಕರಡಿಗೆಯನ್ನು ಅಂಗಿಯ ಮೇಲಿನಿಂದಲೂ ಮುಟ್ಟುವುದಿಲ್ಲ.

ಡಿಸೆಂಬರ್ 19, ಗುರುವಾರ

ಅದೇ.

ಡಿಸೆಂಬರ್ 22, ಭಾನುವಾರ

ಹೋಗಲಿಲ್ಲ. ಮಧ್ಯಾಹ್ನ ತಟ್ಟೆ ಹಾಗೆಯೇ ತಿರುಗಿ ಬಂತು. ನನ್ನ ತಲೆ ಕೆಟ್ಟಿತು. ಅತ್ತೆ ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು, ಆಕೆಗೆ ಕೇಳಿಸುತ್ತದೆ ಎಂಬುದನ್ನೂ ಮರೆತು ಬಾಯಿಬಿಟ್ಟೆ.

"ಒಂದ ಮೀನ ಮುಟ್ಟಿದ್ರ ಕೈ ಕೆಡ್ತದೇನ್ರಿ? ಈ ಕೈ ನೋಡ್ರಿ. ನಿಮ್ಮ ಮಕ್ಕಳ ಹೇಲು ಬಳದಾವ. ದವಾಖಾನಿಯಾಗ ನಿಮ್ಮ ವಾಂತಿ ಬಳದಾವ. ಮರುದಿನಾ ಮುಂಜಾನಿ ಇದಾ ಕೈಯಾಗ ನಾ ಲಿಂಗ ಹಿಡದೀನಿ. ಒಂದ ದಿನಾನೂ ಅದು ನನ್ನ ಕೈಯಿಂದ ಎದ್ದು ಹೋಗಿಲ್ಲ. ನೀವ್ ಆ ಜೀವಾ ತಿಂದ್ರೇನು? ನೀರಿಗಿ ಬಿಟ್ರಿ. ನಿಮ್ಮ ಕೈ ಅಷ್ಟ ಮಡಿ, ನನ್ನ ಕೈ ಏನು ಹಂಗಾರ?"

ಇವರು ನನ್ನ ಕೈ ನೋಡಿದರು. ನಿಜವಾಗಿಯೂ ನೋಡಿದರು, ಬಹಳ ಹೊತ್ತು. ಮದುವೆಯಲ್ಲಿ ಧಾರೆಯ ಹೊತ್ತಿಗೂ ಹಾಗೆ ನೋಡಿದ್ದಿಲ್ಲ. ನನಗೆ ಸಂಕೋಚವಾಯಿತು, ಹುಟ್ಟು ಹಾಕಿ ಅಂಗೈಯಲ್ಲಿ ಜಡ್ಡು ಎದ್ದಿವೆ.

"ನೀ ಉಂಡಿಯೇನು?" ಎಂದರು.

ಒಳಗೆ ಹೋಗಿ ಈರುಳ್ಳಿ ಹುಡುಕಿದೆ.

ಡಿಸೆಂಬರ್ 27, ಶುಕ್ರವಾರ

ಸೋಮವಾರ ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಚಪಳಗಾಂವದ ಹೊಲದಲ್ಲೇ ಊಟ. ಸಜ್ಜೆ ಬೀಸಿಸಿ ತಂದೆ, ಭಜ್ಜಿ ಪಲ್ಯಕ್ಕೆ ಸೊಪ್ಪು, ಕಾಳು ಹೊಂದಿಸಿದೆ. ಇವರು ತಾವಾಗಿಯೇ, "ದೋಣಿ ಒಯ್ಯೂಣು," ಎಂದರು ಪ್ರಸಾದನಿಗೆ. ಅವನು ನನ್ನ ಕಡೆ ನೋಡಿದ. ನಾನು ಕಡಬಿನ ಹಿಟ್ಟು ನಾದುವುದರಲ್ಲಿದ್ದ ಹಾಗೆ ಮಾಡಿದೆ. ಹಿಟ್ಟು ನಾದುವುದು ಭಾನುವಾರದ ಕೆಲಸ, ಅದು ಅವನಿಗೆ ತಿಳಿಯದು.

ಡಿಸೆಂಬರ್ 30, ಸೋಮವಾರ, ಎಳ್ಳ ಅಮಾವಾಸ್ಯೆ

ಹೊಲದಿಂದ ಈಗ ಬಂದೆವು. ಎಲ್ಲರೂ ಮೈಚೆಲ್ಲಿದ್ದಾರೆ. ಮರೆಯುವ ಮೊದಲು ಬರೆಯುತ್ತೇನೆ. ಮರೆಯುವಂಥದ್ದಲ್ಲ, ಆದರೂ.

ಶುಭಾಂಗಿ ಗಂಡನ ಜೊತೆ ಬಂದಿದ್ದಳು. ಪ್ರಸಾದ ಜೋಳದ ದಂಟಿನ ಗುಡಿಸಲು ಕಟ್ಟಿದ. ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿದೆವು. ಪ್ರಸಾದ ಹೊಲದ ತುಂಬ ಓಡಾಡಿ ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲಿ ಬಂದ. ಸಜ್ಜೆ ಕಡಬು, ಭಜ್ಜಿ, ಅಂಬಲಿ ಎಲ್ಲ ಬಡಿಸಿಯಾಯಿತು. ಇವರು ತಟ್ಟೆಯ ಮುಂದೆ ಕೂರಲಿಲ್ಲ. ನೀರಿನ ಕಡೆ ನಡೆದರು. "ನೀವ್ ಉಣ್ರಿ," ಎಂದು ಮಕ್ಕಳಿಗೆ ಹೇಳಿ ನಾನೂ ಹಿಂದೆ ಹೋದೆ.

ಇಬ್ಬರೂ ದೋಣಿ ಹತ್ತಿದೆವು. ಗಾಳಿ ಇರಲಿಲ್ಲ, ನೀರು ಎಣ್ಣೆಯ ಹಾಗೆ ನಿಂತಿತ್ತು. ಜಾಲಿಗಿಡದವರೆಗೆ ಅವರೇ ಎಳೆದರು, ಎರಡೂ ಕೈಯಿಂದ. ತಿರುಗುವಾಗ ಎಡಗೈ ಸೋತಿತು. "ಹಿಡಿ," ಎಂದರು. ಹಿಡಿದೆ. ದಂಡೆಗೆ ಬಂದೆವು.

ಇಳಿದು ದಂಡೆಯ ಚಪ್ಪಡಿ ಕಲ್ಲಿನ ಮೇಲೆ ಟವೆಲು ಹಾಸಿ, ಜೇಬಿನಿಂದ ವಿಭೂತಿ, ಪತ್ರಿ ತೆಗೆದಿಟ್ಟು ಕೂತರು. ನೀರಿನಲ್ಲಿ ಕೈ ತೊಳೆದರು, ಈ ಸಲ ಒಂದೇ ಸಲ. ಕರಡಿಗೆ ತೆರೆದರು. ಅಲ್ಲೇ ಪಕ್ಕದಲ್ಲಿ ನೀರು, ಜಾರಿದರೆ ಸಿಗುವುದಿಲ್ಲ. ಮನೆಯ ಫರ್ಸಿಯಾದರೂ ಎಷ್ಟೋ ವಾಸಿ. ಹಿಂದೆ ಸರಿದು ಕೂಡ್ರಿ ಎನ್ನಬೇಕೆಂದುಕೊಂಡೆ, ನಾನೇ ಅವರ ಮಗ್ಗುಲಿಗೆ ಸರಿದು ಕೂತೆ.

ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ನಿಂತಿತು. ಬಲಗೈಯಿಂದ ವಿಭೂತಿ ಕಲಸಿ ಹಚ್ಚಿದರು. ನಿಂತಿತು. ಪತ್ರಿ ಏರಿಸಲು ಹೋದಾಗ ಮಣಿಕಟ್ಟು ನಡುಗತೊಡಗಿತು. ಬೆರಳು ಅದುರಿದವು, ಲಿಂಗ ಅಂಗೈಯ ಅಂಚಿಗೆ ಸರಿಯಿತು. ನಾನು ಕೈ ಚಾಚಲಿಲ್ಲ. ಬ್ಯಾಡ ಎಂದಿದ್ದರು. ಕೈ ಚಾಚದೆ ಇರುವುದು ಎಷ್ಟು ಕಷ್ಟವಾಯಿತೆಂದು ಯಾರಿಗೆ ಹೇಳಲಿ?

ನನ್ನ ಕಡೆ ತಿರುಗಲಿಲ್ಲ. ಲಿಂಗವನ್ನೇ ನೋಡುತ್ತ ಹೇಳಿದರು.

"ಹಿಡಿ."

ಅವರ ಕೈಯ ಕೆಳಗೆ ನನ್ನ ಕೈ ಕೊಟ್ಟೆ. ನಡುಕ ನನ್ನ ಅಂಗೈಗೆ ಇಳಿಯಿತು, ಆಮೇಲೆ ನಿಂತಿತು. ಅವರು ಪತ್ರಿ ಏರಿಸಿದರು, ಕಣ್ಣು ಮುಚ್ಚಿದರು. ಅವಸರ ಮಾಡಲಿಲ್ಲ, ಎಂದಿನ ಹಾಗೆ. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನನ್ನ ಬಲಗೈ ಖಾಲಿ ಇತ್ತು, ಒರೆಸಿದೆ.

ಗುಡಿಸಲಿಗೆ ಬಂದರೆ ಯಾರೂ ಉಂಡಿರಲಿಲ್ಲ. ಅತ್ತೆ ತಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದರು. "ಆತೇನೋ ಚನ್ನವೀರಾ ಪೂಜಿ?" ಎಂದರು.

ಇವರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಹೇಳಿಲ್ಲವೆಂದು.

"ಆಕೀನ್ಯಾಕ ನೋಡ್ತಿ? ನನಗ ಕಣ್ಣ ಮಂಜ ಅವ, ಕಿವಿ ನೆಟ್ಟಗವ. ದಸರಾ ಆದಮ್ಯಾಲ ದೇವರ ಮನ್ಯಾಗ ನಿನ್ನ ಗಂಟಿ ಸಪ್ಪಳಾನ ಇಲ್ಲ. ನೀನಾ ಹೇಳ್ತಿ ಅಂತ ಸುಮ್ಮಕಿದ್ದೆ." ನನ್ನ ಕಡೆ ಕೈ ಮಾಡಿ, "ಕೈ ಕೆಳಗ ಕೈ ಕೊಟ್ಟೇನವಾ?" ಎಂದರು.

"ಹೂಂ ಅತ್ತಿ."

"ಸಣ್ಣಾವ ಇದ್ದಾಗ ನಾನೂ ಹಂಗಾ ಕೊಡ್ತಿದ್ದೆ. ಆವಾಗೂ ಬ್ಯಾಡ ಅಂತಿದ್ದ."

ಶುಭಾಂಗಿ ನಕ್ಕಳು. ಇವರೂ ನಕ್ಕು ಉಣ್ಣಲು ಕೂತರು. ಒಂದಾದ ಮೇಲೊಂದು ಕಡಬು ತಿಂದರು, ಭಜ್ಜಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಕೊನೆಗೆ ಒಂದು ಕಡಬು ಮುರಿದುಕೊಂಡು ಎದ್ದು ಹೋಗಿ ನೀರಿಗೆ ಹಾಕಿ ಬಂದರು. ನನಗೆ ಉಳಿದದ್ದು ಒಂದೇ ತುಂಡು. ಅದನ್ನು ನೋಡಿ ತಮ್ಮ ತಟ್ಟೆಯದನ್ನು ನನ್ನ ತಟ್ಟೆಗೆ ಎತ್ತಿಹಾಕಿದರು. ಎಡಗೈಯಿಂದ ಊಟಕ್ಕೆ ಬಡಿಸಬಾರದು. ಇವತ್ತು ನಾನು ಏನೂ ಅನ್ನಲಿಲ್ಲ.

ಅವರ ಬೆರಳಿನ ಸಂದಿಯಿಂದ ಸೋರಿದ ವಿಭೂತಿಯ ನೀರು ನನ್ನ ಅಂಗೈಯಲ್ಲಿ ಒಣಗಿ ಬೆಳ್ಳಗೆ ಕೂತಿದೆ. ಸಿಂಕಿನ ತುಂಬ ಹೊಲದಿಂದ ತಂದ ಪಾತ್ರೆ. ಇರಲಿ. ನಾಳೆ ತೊಳೆದರಾಯಿತು.